ಇಟಲಿಗೊಂದು ‘ನೋಡೋಣ’

ಇಟಲಿಯ ಹಳ್ಳಿಗಾಡಿನಲ್ಲಿ ಯಾವ ಊರಿನ ಸಂತೆ ಯಾವ ವಾರ, ಯಾವ ಮ್ಯೂಸಿಯಂ ಸೋಮವಾರ ಬಾಗಿಲು ಹಾಕಿರುತ್ತದೆ, ಯಾವ ತೋಟದಲ್ಲಿ ದ್ರಾಕ್ಷಿ ಕೊಯ್ಯಲು ಹೊರಗಿನವರನ್ನು ಬಿಟ್ಟುಕೊಳ್ಳುತ್ತಾರೆ, ಎಲ್ಲ ನನಗೆ ಬಾಯಿಪಾಠ. ಇಟಲಿಯನ್ನು ಮಾತ್ರ ನೋಡಿಲ್ಲ. ಸಿಂಗಪುರದ ಬುಕಿತ್ ಬಾಟೋಕಿನ ನಮ್ಮ ಫ್ಲ್ಯಾಟಿನಲ್ಲಿ, ಅಡುಗೆಮನೆ ಪಕ್ಕದ ಮೇಜಿನ ಮುಂದೆ ಕೂತು, ಹೆಡ್‌ಸೆಟ್ ಸಿಕ್ಕಿಸಿಕೊಂಡು, ಅಲ್ಲಿನ ತೋಟದಮನೆಗಳಲ್ಲಿ ರಜೆಗೆ ಇಳಿದುಕೊಂಡವರಿಗೆ ಇವತ್ತು ಎಲ್ಲಿಗೆ ಹೋಗಬಹುದು, ಏನು ಮಾಡಬಹುದು ಎಂದು ಹೇಳುವುದು ನನ್ನ ಕೆಲಸ.

ಕಂಪನಿಯ ಆಫೀಸು ಇರುವುದು ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ. ಮೊದಲು ದಿನಾ ಹೋಗುತ್ತಿದ್ದೆ. ದ್ವೀಪದ ಈ ತುದಿಯಿಂದ ಆ ತುದಿಗೆ ಎಂಆರ್‌ಟಿಯಲ್ಲಿ ನಿಂತುಕೊಂಡೇ ಹೋಗುವಾಗ ದೂರವನ್ನು ಬೈದುಕೊಳ್ಳುತ್ತಿದ್ದವಳು ಈಗ ಆ ರೈಲಿನಲ್ಲಿ ಹೋಗುವವರನ್ನು ಕಂಡರೆ ಹೊಟ್ಟೆ ಉರಿದುಕೊಳ್ಳುತ್ತೇನೆ. ಅತ್ತೆ ಬಾತ್‌ರೂಮಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನನಗೆ ಮನೆಯಿಂದಲೇ ಕೆಲಸ. ಹೆಲ್ಪರ್ ಒಬ್ಬಳನ್ನು ಇಟ್ಟುಕೊಂಡು ನೋಡಿದೆವು. ಅವಳ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಲು ಅತ್ತೆ ಒಪ್ಪಲಿಲ್ಲ. ನಾಚಿಕೆ. ಮಗನ ಕೈಯಲ್ಲಂತೂ ಆಗದ ಮಾತು. ಸೊಸೆಯೇ ಆಗಬೇಕು. ಇದಕ್ಕೆ ಎಲ್ಲರೂ ಪ್ರೀತಿ ಎನ್ನುತ್ತಾರೆ. ಇರಬಹುದು, ನನಗೂ ಅವರ ಮೇಲೆ ಪ್ರೀತಿಯಿದೆ. ಆದರೆ ಅದು ನನ್ನನ್ನು ಮೂರು ರೂಮುಗಳಲ್ಲಿ ಕಟ್ಟಿಹಾಕಿದೆ ಎನ್ನುವುದೂ ಅಷ್ಟೇ ನಿಜ. ಕೆಲವು ದಿನ ಲಿಫ್ಟಿನಲ್ಲಿ ಇಳಿದು ಕಟ್ಟಡದ ಕೆಳಗೆ ತೆರೆದ ಹಜಾರದಂತಿರುವ ವಾಯ್ಡ್ ಡೆಕ್ಕಿನ ಕಟ್ಟೆಯ ಮೇಲೆ ಸುಮ್ಮನೆ ಕೂತು ಬರುತ್ತೇನೆ. ಅದೇ ನನ್ನ ಪ್ರವಾಸ.

ನಮ್ಮ ಮಧ್ಯಾಹ್ನ ಅವರ ಬೆಳಗ್ಗೆ. ಅತ್ತೆಗೆ ಊಟ ಬಡಿಸಿ ಲಾಗಿನ್ ಆಗುವ ಹೊತ್ತಿಗೆ ಅಲ್ಲಿ ಜನ ಕಾಫಿ ಕುಡಿಯುತ್ತಾ ಕೇಳಲು ಶುರು ಮಾಡಿರುತ್ತಾರೆ. ಮಕ್ಕಳಿಗೆ ಏನಿದೆ? ಕುರಿ ಸಾಕುವವರ ಮನೆಗೆ ಕರೆದುಕೊಂಡು ಹೋಗಿ, ಚೀಸ್ ಮಾಡುವುದನ್ನು ತೋರಿಸುತ್ತಾರೆ. ಟ್ರಫಲ್ ಹುಡುಕಲು ಹೋಗಬಹುದಾ? ಧಾರಾಳವಾಗಿ. ಬೂಟ್ಸ್ ಹಾಕಿಕೊಳ್ಳಿ, ಕಾಡಿನಲ್ಲಿ ಕೆಸರಿರುತ್ತದೆ. ನೆಲದೊಳಗಿನ ಆ ಅಣಬೆಯನ್ನು ನಾಯಿ ಮೂಸಿ ತೋರಿಸಿದರೂ ನೀವು ಕೈ ಹಾಕಬೇಡಿ, ನಾಯಿಯ ಯಜಮಾನರೇ ಅಗೆದು ಕೊಡುತ್ತಾರೆ. ಬಿಸಿನೀರಿನ ಬುಗ್ಗೆಗೆ ಭಾನುವಾರ ಬೇಡ, ಸುತ್ತಲಿನ ಊರೆಲ್ಲ ಅಲ್ಲಿರುತ್ತದೆ. ಒಮ್ಮೆ ಒಬ್ಬ ಹೆಂಗಸು, ಇಲ್ಲಿ ಬರೀ ಬೆಟ್ಟ, ಬರೀ ಮೌನ, ಬೋರ್ ಆಗುತ್ತಿದೆ, ಏನಾದರೂ ವ್ಯವಸ್ಥೆ ಮಾಡಿ ಎಂದು ದೂರು ಕೊಟ್ಟಳು. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ ಬಾತ್‌ರೂಮಿಗೆಂದು ಕರೆಯುತ್ತಿದ್ದರು. ಫೋನಿನೊಳಗೆ ಕೈ ಹಾಕಿ ಅವಳ ಜುಟ್ಟು ಹಿಡಿದು ಎಳೆಯಬೇಕು ಅನ್ನಿಸಿತು. “ಸಂಜೆ ತೋಟದ ಹಿಂದಿನ ದಿಬ್ಬ ಹತ್ತಿ ನೋಡಿ ಮೇಡಂ, ತುಂಬಾ ಚೆನ್ನಾಗಿರುತ್ತೆ” ಎಂದು ಇಂಗ್ಲಿಷಿನಲ್ಲಿ, ಬೆಣ್ಣೆಯಂಥ ದನಿಯಲ್ಲಿ ಹೇಳಿದೆ.

ಈ ವರ್ಷ ಕಂಪನಿ ನನ್ನಂಥ ಹಳಬರಿಗೆ ಒಂದು ಬಹುಮಾನ ಕೊಟ್ಟಿತು. ಅಂಥದೇ ಒಂದು ತೋಟದಮನೆಯಲ್ಲಿ ಒಂದು ವಾರ ಉಚಿತ, ದ್ರಾಕ್ಷಿ ಕೊಯ್ಲಿನ ಕಾಲಕ್ಕೆ. ಆ ವಾರ ತಪ್ಪಿದರೆ ಮತ್ತೆ ಇಲ್ಲ. ಇವರು ಜುರಾಂಗ್ ಐಲ್ಯಾಂಡಿನ ರಿಫೈನರಿಯಲ್ಲಿ ಇಂಜಿನಿಯರ್. ಸಂಜೆ ಕಂಪನಿ ಬಸ್ಸಿಳಿದು ಬಂದವರ ಕೈಗೆ ಕಾಫಿ ಕೊಟ್ಟು, ಎಲ್ಲರೂ ಹೋಗೋಣವಾ ಎಂದು ಕೇಳಿದೆ. ಇವರು ನಿಧಾನವಾಗಿ ಕುಡಿದು, ಲೋಟ ಕೆಳಗಿಟ್ಟು, “ನೋಡೋಣ” ಎಂದರು.

ಮೈಸೂರು ಕಡೆಯ ನಮ್ಮ ಎರಡೂ ಮನೆಗಳಲ್ಲಿ ‘ಇಲ್ಲ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಪದ್ಧತಿಯಿಲ್ಲ. ಅದು ಒರಟುತನ. ಅದರ ಬದಲು ನೋಡೋಣ. ನಾನು ಎಂ.ಎ. ಮುಗಿಸುತ್ತೇನೆ ಎಂದಾಗ ನೋಡೋಣ, ಕಾರು ಕಲಿಯುತ್ತೇನೆ ಎಂದಾಗ ನೋಡೋಣ, ಎರಡನೇ ಮಗು ಎಂದಾಗಲೂ ನೋಡೋಣ. ಇವರು ಕೆಟ್ಟವರಲ್ಲ, ಜಗಳಗಂಟರೂ ಅಲ್ಲ. ಅದೇ ಕಷ್ಟ. ಇಲ್ಲ ಎಂದವರ ಹತ್ತಿರ ಜಗಳ ಆಡಬಹುದು. ನೋಡೋಣ ಎಂದವರ ಹತ್ತಿರ ಏನು ಆಡುವುದು? ಕಾಯಬೇಕು, ಅಷ್ಟೇ.

ಆದರೆ ಈ ಸಲ ಆ ಮಾತನ್ನು ಮಗಳೂ ಕೇಳಿಸಿಕೊಂಡಿದ್ದಳು. ಅವಳಿಗೆ ಎಂಟು ವರ್ಷ, ಹುಟ್ಟಿದ್ದು ಇಲ್ಲೇ. ಅವಳ ಕನ್ನಡ ನಾನು ಕಲಿಸಿದಷ್ಟು, ಜೊತೆಗೆ ಮಾತಿನ ಕೊನೆಗೆ ಇಲ್ಲಿಯವರ ‘ಲಾ’. ಹೋಗು, ಹೋಗೋಣ, ತಿನ್ನು, ತಿನ್ನೋಣ, ನೋಡು, ನೋಡೋಣ ಎಂದು ಬಾಯಿಪಾಠ ಮಾಡಿಸಿದವಳು ನಾನೇ.

ಶನಿವಾರ ಬೆಳಗ್ಗೆ ಹಾಲ್‌ನ ನಡುವೆ ಒಂದು ಸೂಟ್‌ಕೇಸು ನಿಂತಿತ್ತು. ಪಕ್ಕದಲ್ಲಿ ಮಗಳು ಮಳೆಗಾಲದ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದಳು. ತೆರೆದು ನೋಡಿದರೆ, ನಾನು ಅತಿಥಿಗಳಿಗೆ ಹೇಳುವುದೆಲ್ಲ ಒಳಗಿದೆ: ಬಿಸಿನೀರಿನ ಬುಗ್ಗೆಗೆ ಈಜುಡುಗೆ, ಬಿಸಿಲಿಗೆ ಟೋಪಿ. ಎಲ್ಲಕ್ಕಿಂತ ಮೇಲೆ ಅತ್ತೆಯ ಕಂದು ಸ್ವೆಟರು.

“ಏನೇ ಇದು?” ಎಂದೆ.

“ಅಪ್ಪ ನೋಡೋಣ ಅಂದ್ರಲ್ಲ! ಇಟಲಿ ನೋಡೋಣ ಅಂತ. ಅಜ್ಜಿಗೆ ಕೋಲ್ಡ್ ಆಗುತ್ತೆ, ಅದಕ್ಕೆ ಸ್ವೆಟರ್ ಪ್ಯಾಕ್ ಮಾಡ್ದೆ ಲಾ.”

ಇವರು ಪೇಪರ್ ಕೆಳಗಿಟ್ಟು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. “ಅರ್ಥ ನೀವೇ ಹೇಳಿ ಅವಳಿಗೆ” ಎಂದೆ.

“ಅಂದ್ರೆ ಪುಟ್ಟಾ, ನೋಡೋಣ ಅಂದ್ರೆ... ಆಮೇಲೆ ನೋಡೋಣ ಅಂತ.”

“ಆಮೇಲೆ ಅಂದ್ರೆ ಯಾವಾಗ?”

“ಪ್ಲಾಂಟ್‌ನಲ್ಲಿ ಶಟ್‌ಡೌನ್ ಕೆಲಸ ಇದೆ. ಅದು ಮುಗೀಲಿ, ನೋಡೋಣ.”

“ಅಪ್ಪಾ, ಯೆಸ್ಸಾ ನೋನಾ?”

ಇವರು ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡರು. ಕೊನೆಗೆ “ನೋ” ಎಂದರು. ಇಂಗ್ಲಿಷಿನಲ್ಲೇ ಎಂದರು. ಕನ್ನಡದಲ್ಲಿ ಅವರ ನಾಲಿಗೆ ಹೊರಳಲಿಲ್ಲ.

ಮಗಳು ಅತ್ತಳು, ಬೂಟು ಕಿತ್ತೆಸೆದಳು. ನನಗೆ ಮಾತ್ರ, ಹೇಳಲು ಸಂಕೋಚವಾಗುತ್ತದೆ, ಎದೆ ಹಗುರಾಯಿತು. ಮದುವೆಯಾದ ಮೇಲೆ ಮೊದಲ ಸಲ ಒಂದು ಮಾತಿಗೆ ಕೊನೆ ಸಿಕ್ಕಿತ್ತು.

“ಸರಿ. ನಾನೊಬ್ಬಳೇ ಹೋಗ್ತೀನಿ” ಎಂದೆ.

“ಅಮ್ಮನ್ನ ಯಾರು ನೋಡ್ಕೋತಾರೆ?”

ನೋಡುವುದಕ್ಕೂ ನೋಡಿಕೊಳ್ಳುವುದಕ್ಕೂ ಎಷ್ಟು ಸಣ್ಣ ವ್ಯತ್ಯಾಸ. ಊರವರಿಗೆಲ್ಲ ನೋಡುವ ಜಾಗ ತೋರಿಸಿ, ನಾನು ನೋಡಿಕೊಳ್ಳುತ್ತಾ ಕೂತಿದ್ದೇನೆ. ಸಿಟ್ಟು ನೆತ್ತಿಗೇರಿತು. “ನಿಮ್ಮಮ್ಮ ತಾನೇ? ಒಂದು ವಾರ ನೀವು ನೋಡ್ಕೊಳ್ಳಿ. ರಜೆ ಹಾಕಿ, ಹೆಲ್ಪರ್ ಹುಡುಕಿ, ಏನಾದ್ರೂ ಮಾಡಿ” ಎಂದೆ. ಪಕ್ಕದ ಫ್ಲ್ಯಾಟಿನವರಿಗೂ ಕೇಳಿಸಿರಬೇಕು. ಅತ್ತೆಯ ರೂಮಿನ ಬಾಗಿಲು ತೆರೆದಿದೆ ಎನ್ನುವುದು ಆಮೇಲೆ ಹೊಳೆಯಿತು.

ಮಾರನೆಯ ದಿನ ಅತ್ತೆಯನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಬೆನ್ನು ಉಜ್ಜುತ್ತಿದ್ದಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತು ತೆಗೆದರು. “ಹೋಗಿ ಬಾ. ಒಂದು ವಾರ ತಾನೇ, ಹೆಲ್ಪರ್ ಕೈಲೇ ನೀರು ಹಾಕಿಸ್ಕೋತೀನಿ. ನನ್ನ ನಾಚಿಕೆಗೆ ನೀನ್ಯಾಕೆ ಜೈಲಲ್ಲಿರಬೇಕು?”

ಬೇಡ ಅತ್ತೆ, ನಾನು ಹೋಗಲ್ಲ ಎನ್ನುವ ಮಾತು ಬಾಯಿಗೆ ಬಂದರೂ ಆಡಲಿಲ್ಲ. ಹೋಗಬೇಕಿತ್ತು ನನಗೆ. ಬಕೆಟ್ಟಿಗೆ ಇನ್ನಷ್ಟು ನೀರು ಬಿಟ್ಟೆ.

ಅವರು ಒದ್ದೆ ಕೈ ಹಿಂದೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. “ವಾಪಸ್ ಬರ್ತೀಯಲ್ಲ?”

“ಬರ್ತೀನಿ ಅತ್ತೆ” ಎಂದೆ. ಕೇಳಿದ ಕೂಡಲೇ ಹೇಳಬೇಕಾಗಿದ್ದ ಮಾತು. ನಾನು ಹೇಳುವಷ್ಟರಲ್ಲಿ ಬಕೆಟ್ಟು ತುಂಬಿ ನೆಲಕ್ಕೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಲು ಬಗ್ಗಿದೆ. ಅವರು ಕೈ ಬಿಡಲಿಲ್ಲ.