ಮುರಿದ ರೊಟ್ಟಿ ಕೇಳಿದ ಶಾಂಭವಿ ಅಕ್ಕ

ನನ್ನ ಅಕ್ಷರ ಚೆನ್ನಾಗಿಲ್ಲ. ರೊಟ್ಟಿ ಬಡಿದು ಬಡಿದು ಬೆರಳು ಬಿಗಿದಿವೆ, ಸಾಲುಗಳು ಕೆಳಗೆ ಜಾರುತ್ತವೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಮಾತು ತಪ್ಪಿದ್ದರೆ ಸಂಪಾದಕರಾದ ಗುರುರಾಜ ಸರ್ ತಿದ್ದಿಕೊಳ್ಳಬೇಕು, ಓದುವವರು ಕ್ಷಮಿಸಬೇಕು. ಆದರೆ ನಡೆದದ್ದನ್ನು ಮಾತ್ರ ತಿದ್ದಬೇಡಿ ಸರ್. ಈ ಸಲ ನಾನೂ ತಿದ್ದಿಲ್ಲ.

ಈ ವಾರಪತ್ರಿಕೆಯಲ್ಲಿ ‘ರೀಗಾದಿಂದ ಶಾಂಭವಿ’ ಎಂಬ ಐದು ಬರಹಗಳನ್ನು ನೀವು ಓದಿದ್ದೀರಿ. ಹೇಳಿದವಳು ಶಾಂಭವಿ ಅಕ್ಕ, ಬರೆದವಳು ನಾನು, ಶೀತಲ್. ಅಕ್ಕ ನಮ್ಮ ಮುಂಡರಗಿಯ ಸುಮಿತ್ರವ್ವನವರ ಮಗಳು. ಬಿ.ಕಾಂ. ಮುಗಿಸಿ, ಹುಬ್ಬಳ್ಳಿಯ ಒಬ್ಬ ಏಜೆಂಟರ ಮೂಲಕ, ಹೋದ ವರ್ಷ ಸೆಪ್ಟೆಂಬರಿನಲ್ಲಿ ಲಾತ್ವಿಯಾ ದೇಶದ ರೀಗಾ ಊರಿಗೆ ಮುಂದಿನ ಓದಿಗೆ ಹೋದಳು. ಸುಮಿತ್ರವ್ವನವರು ರೊಟ್ಟಿ ಕೇಂದ್ರ ನಡೆಸುತ್ತಾರೆ. ನಾನು ಅಲ್ಲಿ ಕೆಲಸಕ್ಕಿದ್ದೇನೆ. ಅವರದು ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ಪತ್ರಿಕೆಗಾಗಿ ಹೇಳುವುದನ್ನೆಲ್ಲ ಅಕ್ಕ ನನ್ನ ಮೊಬೈಲಿಗೆ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ನಾನು ನಾಲ್ಕು ನಾಲ್ಕು ಸಲ ಕೇಳಿ, ಬರೆದು, ಸುಮಿತ್ರವ್ವನವರಿಗೆ ಓದಿ ಹೇಳಿ, ಸರ್ ಅವರಿಗೆ ಕೊಡುತ್ತಿದ್ದೆ.

ಮೊದಲನೆಯ ಬರಹ ನಿಮಗೆ ನೆನಪಿರಬಹುದು. ರಸ್ತೆಯ ನಡುವೆ ಹಳಿಯ ಮೇಲೆ ಓಡುವ ಟ್ರಾಮ್, ಚಳಿಗಾಲ ಬಂದರೆ ಮಧ್ಯಾಹ್ನ ನಾಲ್ಕಕ್ಕೇ ಬೀಳುವ ಕತ್ತಲು, ಚಪ್ಪಲಿ ಕಳಚದೆ ಯಾರೂ ಒಳಗೆ ಬಾರದ ಮನೆಗಳು. ಕೊನೆಗೆ ಅಕ್ಕ ಹೇಳಿದ್ದಳು: ತಾನು ಒಯ್ದ ಇಪ್ಪತ್ತೈದು ಖಡಕ್ ರೊಟ್ಟಿಯನ್ನು ರೂಮಿನ ಗೆಳತಿಯರು ಶೇಂಗಾ ಚಟ್ನಿ ಹಚ್ಚಿಕೊಂಡು ಒಂದೇ ಸಂಜೆಗೆ ಮುಗಿಸಿದರು, ಇನ್ನೂ ಐವತ್ತು ಕಳಿಸಿರಿ ಎಂದು.

ಅದು ಅಚ್ಚಾದ ಮೇಲೆ ಸುಮಿತ್ರವ್ವನವರು ಬಜಾರಿಗೆ ಹೋದರೆ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ಪೇಂಟರ್ ಮೌನೇಶನನ್ನು ಕರೆಸಿ ಕೇಂದ್ರದ ಬೋರ್ಡಿನ ಮೇಲೆ ‘ವಿದೇಶಕ್ಕೂ ಹೋಗುವ ರೊಟ್ಟಿ’ ಎಂದು ಬರೆಸಿದರು. ಐವತ್ತು ಹೋದವು. ಆಮೇಲೆ ನೂರು. ಆಮೇಲೆ ನೂರೈವತ್ತು.

“ಆ ಬಿಳಿ ಮಂದಿ ಹಲ್ಲು ಭಾಳ ಗಟ್ಟಿ ಅದಾವಲ್ಲಬೇ ಸುಮಿತ್ರಕ್ಕ,” ಎಂದರು ನಮ್ಮ ಜೊತೆ ರೊಟ್ಟಿ ಬೇಯಿಸುವ ಹಾಜಿರಾಬಿ. “ನನ್ನ ಗಂಡಗ ಒಂದು ಕೊಟ್ರ ಹಲ್ಲು ಬಿತ್ತು ಅಂತ ಒದರ್ತಾನ.”

“ನಿನ್ನ ಗಂಡ ಚಾದಾಗ ಬಿಸ್ಕೀಟ ಅದ್ದಿ ತಿನ್ನಾಂವ. ಅವಂಗೇನು ಗೊತ್ತಲೇ ರೊಟ್ಟಿ ರುಚಿ,” ಎಂದು ಸುಮಿತ್ರವ್ವನವರು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ರೊಟ್ಟಿಯ ಬೆಲೆಗಿಂತ ಕೊರಿಯರಿಗೇ ಹೆಚ್ಚು ಹತ್ತುತ್ತಿತ್ತು. ಆ ದುಡ್ಡನ್ನೇ ಅಕ್ಕನ ಕೈಗೆ ಕಳಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಯಾರಿಗೂ ಹೊಳೆಯಲಿಲ್ಲ. ಅವಳು ಕೇಳಿದ್ದು ರೊಟ್ಟಿ.

ಈಗ ನನ್ನ ತಪ್ಪು ಹೇಳುತ್ತೇನೆ. ಮೂರನೆಯ ಬರಹಕ್ಕೆ ಕಳಿಸಿದ ಮಾತಿನಲ್ಲಿ, ಗ್ರಂಥಾಲಯದ ವಿಷಯವೆಲ್ಲ ಮುಗಿದ ಮೇಲೆ, ಅಕ್ಕ ಹೀಗೆ ಅಂದಿದ್ದಳು: “ಚಟ್ನಿ ಏನೂ ಬ್ಯಾಡ ಶೀತಲ್. ರೊಟ್ಟಿ ಅಷ್ಟ ಕಳಸ್ರಿ. ಮುರಿದವು ಇದ್ರೂ ನಡೀತಾವ.”

ನಮ್ಮಲ್ಲಿ ಮುರಿದ ರೊಟ್ಟಿಯನ್ನು ಮಾರುವುದಿಲ್ಲ, ಬಂದವರ ತಾಟಿಗೂ ಹಾಕುವುದಿಲ್ಲ. ಅದನ್ನು ಬೇರೆ ಬುಟ್ಟಿಗೆ ಹಾಕಿಡುತ್ತೇವೆ. ಮನೆಯವರು ಮಜ್ಜಿಗೆಯಲ್ಲೋ ಸಾರಿನಲ್ಲೋ ನೆನೆಸಿ ತಿನ್ನುತ್ತಾರೆ. ವಿದೇಶದ ಗೆಳತಿಯರಿಗೆ ಮುರಿದ ರೊಟ್ಟಿ ಎಂದು ಬರೆದರೆ ಕೇಂದ್ರದ ಹೆಸರು ಕೆಡುತ್ತದೆ, ಬೋರ್ಡನ್ನು ಹೊಸದಾಗಿ ಬರೆಸಿದ್ದಾರೆ ಎಂದುಕೊಂಡು ಆ ಮಾತನ್ನು ಬಿಟ್ಟೆ. ಸುಮಿತ್ರವ್ವನವರಿಗೂ ಹೇಳಲಿಲ್ಲ. ಎಷ್ಟು ಬೇಕಂತೆ ಎಂಬುದನ್ನಷ್ಟೇ ಹೇಳಿದೆ. ಎಲ್ಲವೂ ಇಡಿಯಾದ ರೊಟ್ಟಿಗಳನ್ನೇ ಆರಿಸಿ, ನಾನೇ ಕಟ್ಟಿದೆ.

ಜನವರಿಯಲ್ಲಿ ಅಕ್ಕನ ರೂಮಿನ ಹುಡುಗಿ ಫೋನ್ ಮಾಡಿದಳು. ಅಕ್ಕ ಟ್ರಾಮ್ ನಿಲ್ದಾಣದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಫೆಬ್ರವರಿಯಲ್ಲಿ ಸುಮಿತ್ರವ್ವನವರು ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅವಳನ್ನು ಕರೆತಂದರು. ಓದು ಅಲ್ಲಿಗೇ ನಿಂತಿತು. ‘ಪರೀಕ್ಷೆಯ ಕಾರಣ ಬರಹ ನಿಲ್ಲಿಸಲಾಗಿದೆ’ ಎಂದು ಪತ್ರಿಕೆಯಲ್ಲಿ ಬಂತಲ್ಲ, ಅದನ್ನೂ ಬರೆದುಕೊಟ್ಟವಳು ನಾನೇ.

ಬಂದ ದಿನ ಸುಮಿತ್ರವ್ವನವರು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅಕ್ಕ ರೊಟ್ಟಿಯನ್ನು ಎರಡು ಮಾಡಿ ಅರ್ಧ ತಿಂದಳು. ಉಳಿದರ್ಧವನ್ನು ಓಢಣಿಯ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಸಂಜೆ ಕಸ ಹೊಡೆಯಲು ಹೋದಾಗ ಅದು ದಿಂಬಿನ ಕೆಳಗಿತ್ತು. ಈಗಲೂ ದಿನಾ ಹಾಗೇ ಇಡುತ್ತಾಳೆ. ಯಾರೂ ಕೇಳುವುದಿಲ್ಲ.

ಒಂದು ತಿಂಗಳ ಮೇಲೆ ಅವಳೇ ನನಗೆ ಹೇಳಿದಳು. ಹೋದ ಕೂಡಲೇ ಕೆಲಸ ಸಿಗುತ್ತದೆ ಎಂದು ಏಜೆಂಟರು ಹೇಳಿದ್ದು ಸುಳ್ಳಾಗಿತ್ತು. ಅಲ್ಲಿಯ ಭಾಷೆ ಬಾರದವರಿಗೆ ಯಾರೂ ಕೆಲಸ ಕೊಡಲಿಲ್ಲ. ಮೂರು ವಾರ ಒಂದು ಹೋಟೆಲಿನ ಕೋಣೆ ಒರೆಸಿದಳು, ಆಮೇಲೆ ಅದೂ ಇಲ್ಲ. ಅವ್ವನಿಗೆ ಹೇಳಲು ನಾಚಿಕೆಯಾಯಿತು.

“ಆ ಗೆಳತ್ಯಾರು ಖರೇನ ರೊಟ್ಟಿ ತಿಂದ್ರೇನಕ್ಕ?” ಎಂದು ಕೇಳಿದೆ.

“ಮೊದಲನೇ ದಿನ ಒಂದೊಂದು ಚೂರು ತಿಂದ್ರು. ಆಮ್ಯಾಲೆ ಎಲ್ಲಾ ನಾನ. ಮೂರು ಹೊತ್ತು, ಬಿಸಿ ನೀರಾಗ ನೆನಸಿ.” ಅವಳು ನನ್ನ ಮುಖ ನೋಡಲಿಲ್ಲ. “ಮುರಿದವೂ ನಡೀತಾವ ಅಂದಿದ್ನೆಲ್ಲ. ಅವಾಗರ ಯಾಕ ಅಂತ ಯಾರರ ಕೇಳ್ತೀರಿ ಅಂದ್ಕೊಂಡಿದ್ದೆ.”

ಅವತ್ತೇ ಸುಮಿತ್ರವ್ವನವರಿಗೆ ಎಲ್ಲವನ್ನೂ ಹೇಳಿದೆ. ದಿನವಿಡೀ ಅವರು ರೊಟ್ಟಿ ಬಡಿದರು. ಸಂಜೆ ಹಂಚು ಕೆಳಗಿಳಿಸಿದ ಮೇಲೆ ಒಂದೇ ಮಾತು ಕೇಳಿದರು. “ಮುರಿದ ರೊಟ್ಟಿ ಯಾರಿಗೆ ಬೇಕಾಗ್ತಾವ ಅನ್ನೂದು ನಿನಗ ಗೊತ್ತಿರಲಿಲ್ಲನ?”

ಗೊತ್ತಿತ್ತು. ನಮ್ಮಪ್ಪ ಹಾಸಿಗೆ ಹಿಡಿದು ನಾನು ಶಾಲೆ ಬಿಟ್ಟ ವರ್ಷ, ಇದೇ ಕೇಂದ್ರದ ಮುರಿದ ರೊಟ್ಟಿಯ ಬುಟ್ಟಿಯಿಂದಲೇ ನಮ್ಮ ಮನೆ ನಡೆದಿತ್ತು.

ಹೋದ ವಾರ ಲಕ್ಷ್ಮೇಶ್ವರದಿಂದ ಕಮಲಾಬಾಯಿಯವರು ಬಂದಿದ್ದರು. ಅವರ ಮಗಳು ಅಕ್ಷಯಾ ಅದೇ ಏಜೆಂಟರ ಮೂಲಕ ಅದೇ ಕಾಲೇಜಿಗೆ ಹೊರಟಿದ್ದಾಳೆ. ನಮ್ಮ ಐದೂ ಬರಹಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು. “ನೂರು ರೊಟ್ಟಿ ಮಾಡ್ರಿ. ಒಂದೂ ಮುರಿದಿರಬಾರದು ನೋಡವಾ, ಅಲ್ಲೀ ಮಂದಿಗೆ ಕೊಡೋದದ,” ಎಂದರು. ಸುಮಿತ್ರವ್ವನವರು ಸಂತೆಗೆ ಹೋಗಿದ್ದರು. ಅಕ್ಕ ಒಳಕೋಣೆಯಲ್ಲಿದ್ದಳು, ಅವಳಿಗೆ ಕೇಳಿಸಿತು. ನಾನು ಹೂಂ ಎಂದೆ.

ಮರುದಿನ ಧೈರ್ಯ ಮಾಡಿ ಫೋನಿನಲ್ಲಿ ಎಲ್ಲ ಹೇಳಿದೆ. ಕಮಲಾಬಾಯಿಯವರು ಪೂರ್ತಿ ಕೇಳಿಸಿಕೊಂಡರು. “ಪಾಪ,” ಎಂದರು. “ಒಬ್ಬೊಬ್ಬರ ಹಣೇಬರಹ ಒಂದೊಂದು ಥರ ಇರ್ತದವಾ. ನಮ್ಮ ಅಕ್ಷಯಾ ಹಂಗ ಸುಮ್ಮನ ಕೂಡೋಕಿ ಅಲ್ಲ. ಟಿಕೆಟ್ಟೂ ಆಗೇದ.” ಆಮೇಲೆ ರೊಟ್ಟಿ ಎಂದು ಸಿಗುತ್ತವೆ ಎಂದು ಕೇಳಿದರು.

ಶಾಂಭವಿ ಅಕ್ಕನೂ ಸುಮ್ಮನೆ ಕೂರುವವಳಾಗಿರಲಿಲ್ಲ. ಬಸ್ಸಿನಲ್ಲಿ ಸೀಟಿಗಾಗಿ ಕಂಡಕ್ಟರನ ಜೊತೆ ಜಗಳಾಡುತ್ತಿದ್ದಳು.

ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. “ಬರಿ. ನನ್ನ ಹೆಸರು ಹಾಕು. ಹೆಸರಿಲ್ಲಂದ್ರ ಯಾರೂ ನಂಬೂದಿಲ್ಲ,” ಎಂದಳು. ಹೆಸರಿದ್ದರೂ ನಂಬುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಸುಳ್ಳನ್ನು ಐದು ಸಲ ಅಂದವಾಗಿ ಬರೆದಿದ್ದೇನೆ, ನಿಜವನ್ನು ಒಂದೇ ಸಲ ಬರೆಯುತ್ತಿದ್ದೇನೆ.

ಪತ್ರಿಕೆ ಬರುವುದು ಭಾನುವಾರ. ಅಕ್ಷಯಾ ಹೊರಡುವುದು ಅದಕ್ಕೂ ಮೊದಲೇ, ಶುಕ್ರವಾರ. ನಾಳೆ ಗುರುವಾರ, ಮೊದಲ ಬಸ್ಸಿಗೆ ನೂರು ರೊಟ್ಟಿ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗುತ್ತೇನೆ. ಅಕ್ಕ ಮೂರನೆಯ ಬರಹಕ್ಕೆ ಕಳಿಸಿದ, ಮುರಿದ ರೊಟ್ಟಿ ಕೇಳಿದ ಆ ಮಾತು ನನ್ನ ಮೊಬೈಲಿನಲ್ಲಿ ಹಾಗೇ ಇದೆ. ಅದನ್ನು ಅಕ್ಷಯಾಳ ಮುಂದೆ ಕೊನೆಯ ತನಕ ಹಚ್ಚಿ ಕೇಳಿಸುತ್ತೇನೆ.