ಒಂಟೆಮರಿಗೆ ಹೊದಿಸಿದ ಚರ್ಮ

ಗಲ್ಫಿನ ಸುಲೈಬಿಯಾದಲ್ಲಿ ನಮಗೆ ವೀಸಾ ಕೊಟ್ಟ ಧಣಿ, ನಮ್ಮ ಕಫೀಲರ ಮೇವಿನ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುವವನು ನಾನು. ಪ್ರತಿ ಶುಕ್ರವಾರ ಬಾರ್ಲಿ, ಬೂಸಾ, ಒಣ ಹುಲ್ಲು ಹೇರಿಕೊಂಡು ಮರಳುಗಾಡಿನಲ್ಲಿರುವ ಅವರ ಒಂಟೆಹಟ್ಟಿಗೆ ಹೋಗುತ್ತೇವೆ. ಎಷ್ಟು ಚೀಲ ಇಳಿಸಿದೆವು, ಯಾವ ಒಂಟೆ ಈದಿತು ಎಂಬುದನ್ನು ದಿನಾಂಕ ಹಾಕಿ ದಿನಚರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಜನವರಿಯ ಎರಡನೇ ಶುಕ್ರವಾರದ ಪುಟದಲ್ಲಿ ಹೀಗಿದೆ: ಹುಟ್ಟಿದ್ದು ಎರಡು, ಸತ್ತದ್ದು ಎರಡು.

ಸತ್ತದ್ದರಲ್ಲಿ ಒಂದು ತಾಯಿ, ಇನ್ನೊಂದು ಮರಿ. ಮರಿ ಕಳೆದುಕೊಂಡ ಒಂಟೆಯ ಕೆಚ್ಚಲು ಬಿಗಿದು ನಿಂತಿತ್ತು. ತಾಯಿ ಕಳೆದುಕೊಂಡ ಮರಿ ಹಿಂದಿನ ದಿನದಿಂದ ಬಾಟಲಿಯ ಹಾಲಿಗೆ ಬಾಯಿ ತೆರೆದಿರಲಿಲ್ಲ. ಎರಡನ್ನೂ ಒಂದೇ ಬೇಲಿಯೊಳಗೆ ಬಿಟ್ಟರೆ ಒಂಟೆ ಅದನ್ನು ಒದ್ದು ದೂಡುತ್ತಿತ್ತು.

"ಇದು ಸಂಜೆವರೆಗೆ ಉಳಿಯುದಿಲ್ಲ ಮಾರಾಯ," ಎಂದರು ನನ್ನ ಜೊತೆ ಬಂದಿದ್ದ ಡ್ರೈವರ್. ಬಂಟ್ವಾಳದ ಕಡೆಯವರು, ನನಗಿಂತ ಹಿರಿಯರು. ನಾನು ಅಣ್ಣ ಎನ್ನುತ್ತೇನೆ.

ಕಫೀಲರ ತಂದೆ ಹಟ್ಟಿಯಲ್ಲೇ ಇದ್ದರು. ಎಂಬತ್ತು ದಾಟಿದ ಅವರು ನಮಗೆಲ್ಲ ಬಾಬಾ. ನಮ್ಮ ನಡುವಿನ ಮಾತು ಅರ್ಧ ಅರಬ್ಬಿ, ಅರ್ಧ ಹಿಂದಿ. ಅವರು ಹೇಳಿದಂತೆ ಒಂಟೆ ಕಾಯುವ ಸುಡಾನಿನವನು ಸತ್ತ ಮರಿಯ ಚರ್ಮ ಸುಲಿದ. ಬಾಬಾ ಅದನ್ನು ತಬ್ಬಲಿಯ ಬೆನ್ನಿಗೆ ಹೊದಿಸಿ, ಹೊಟ್ಟೆಯ ಕೆಳಗೆ ಹಗ್ಗ ಬಿಗಿದರು. ಅವರ ಬಾಲ್ಯದಲ್ಲಿ ಬೇಲಿಯೇ ಇರಲಿಲ್ಲವಂತೆ. ಮಳೆ ಬಿದ್ದ ಕಡೆಗೆ ಒಂಟೆಗಳು, ಒಂಟೆಗಳ ಹಿಂದೆ ಮನೆಮಂದಿ. ಒಂಟೆ ಹಾಲು ಬಿಡದಿದ್ದರೆ ಆ ರಾತ್ರಿ ಗುಡಾರದಲ್ಲಿ ಊಟವಿಲ್ಲ. ಈಗ ನೀರು ಟ್ಯಾಂಕರಿನಲ್ಲಿ ಬರುತ್ತದೆ, ಮೇವು ನಮ್ಮ ಲಾರಿಯಲ್ಲಿ. ಆದರೂ ಅವರ ಬೆರಳುಗಳು ಆ ಗಂಟನ್ನು ಮರೆತಿರಲಿಲ್ಲ.

ಒಂಟೆ ಬಂದು ಚರ್ಮವನ್ನು ಮೂಸಿ ಗುರುಗುಟ್ಟಿತು. ಒದೆಯಲಿಲ್ಲ. ಆದರೆ ಮರಿ ಕೆಚ್ಚಲಿಗೆ ಬಾಯಿ ಹಾಕುವಷ್ಟರಲ್ಲಿ ಮುಂದೆ ನಡೆದುಬಿಡುತ್ತಿತ್ತು. ನಾಲ್ಕೈದು ಸಲ ಹೀಗೇ ಆಗಿ, ಮರಿ ಮಂಡಿಯೂರಿ ಕುಸಿಯಿತು.

"ಅಣ್ಣ, ಉಪ್ಪು ಹಾಕುವ," ಎಂದೆ.

"ಎಂತದು? ಉಪ್ಪಿನಕಾಯಿ ಹಾಕ್ಲಿಕ್ಕುಂಟಾ ನಿಂಗೆ?"

ನನ್ನ ಅಜ್ಜಿ ಎಮ್ಮೆಯ ಕರು ಸತ್ತಾಗ ಅದರ ಚರ್ಮಕ್ಕೆ ಬೈಹುಲ್ಲು ತುಂಬಿ ಹಟ್ಟಿಯಲ್ಲಿ ನಿಲ್ಲಿಸಿ, ಮೇಲೆ ಉಪ್ಪು ಉದುರಿಸುತ್ತಿದ್ದರು. ಎಮ್ಮೆ ಅದನ್ನು ನೆಕ್ಕುತ್ತ ನಿಂತರೆ ಕೆಚ್ಚಲಿಗೆ ಹಾಲಿಳಿದು ಸೊರ ಬಿಡುತ್ತಿತ್ತು. ಅಜ್ಜಿ ಹಾಲು ಕರೆಯುತ್ತಿದ್ದರು. ಬಾಬಾರಿಗೆ ಇದನ್ನು ಹೇಳಿದೆ.

"ನಿಮ್ಮೂರಲ್ಲಿ ಒಂಟೆ ಇದೆಯಾ?"

"ಇಲ್ಲ ಬಾಬಾ, ಎಮ್ಮೆ."

"ಇಡೀ ದಿನ ನೀರಲ್ಲಿ ಬಿದ್ದಿರುತ್ತದಲ್ಲ, ಆ ಸೋಮಾರಿಯಾ?" ಬಾಬಾ ನಕ್ಕರು. "ಯಲ್ಲಾ, ಬೇಗ ಉಪ್ಪು ತಾ!"

ಅಡುಗೆಯ ಉಪ್ಪನ್ನೇ ತಂದು ಚರ್ಮದ ಮೇಲೆ ಉಜ್ಜಿದೆ. ಸುಡಾನಿನವನು ಮರಿಯನ್ನು ಎತ್ತಿ ನಿಲ್ಲಿಸಿದ. ಒಂಟೆ ಒಮ್ಮೆ ನೆಕ್ಕಿತು, ಮತ್ತೊಮ್ಮೆ ನೆಕ್ಕಿತು, ಆಮೇಲೆ ಬಿಡಲೇ ಇಲ್ಲ. ಮರಿ ತಡವರಿಸುತ್ತ ಅದರ ಹೊಟ್ಟೆಯಡಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅದರ ಬಾಯಿಯ ಅಂಚಿನಲ್ಲಿ ನೊರೆ ಕಂಡಿತು. ಅಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಮ್ಮಲ್ಲಿಯೂ ಇತ್ತು ಮಾರಾಯ, ಈ ಉಪ್ಪಿನ ಕೆಲಸ. ನಾನೇ ಮರ್ತುಬಿಟ್ಟಿದ್ದೆ."

ಒಂಟೆಗೆ ತಬ್ಬಲಿಯ ಸ್ವಂತ ವಾಸನೆ ರೂಢಿಯಾಗಲೆಂದು ಆ ವಾರ ಬಾಬಾ ದಿನವೂ ಚರ್ಮದ ಒಂದೊಂದು ತುಂಡು ಕತ್ತರಿಸಿ ತೆಗೆದರು. ಮುಂದಿನ ಶುಕ್ರವಾರ ನಾವು ಹೋದಾಗ ಕೊನೆಯ ತುಂಡು ಉಳಿದಿತ್ತು, ನಾರುತ್ತಿತ್ತು. ಅದನ್ನು ನಮ್ಮೆದುರೇ ಬಿಚ್ಚಿದರು. ಒಂಟೆ ಕತ್ತು ಬಾಗಿಸಿ ಮರಿಯ ಬರಿಯ ಬೆನ್ನನ್ನು ಬಹಳ ಹೊತ್ತು ಮೂಸಿತು. ಆಮೇಲೆ, ಉಪ್ಪೂ ಇಲ್ಲದ ಆ ಬೆನ್ನನ್ನು ನಿಧಾನವಾಗಿ ನೆಕ್ಕತೊಡಗಿತು.

"ಖಲಾಸ್, ಕೆಲಸ ಮುಗಿಯಿತು," ಎಂದರು ಬಾಬಾ.

"ನೋಡು ಮಾರಾಯ," ಎಂದರು ಅಣ್ಣ, "ನಾವು ಇಷ್ಟು ವರ್ಷದಿಂದ ಈ ದೇಶದಲ್ಲಿ ಇರ್ಲಿಕ್ಕೆ ಇಕಾಮಾ ರಿನ್ಯೂ ಮಾಡ್ತಾ ಇದ್ದೇವೆ. ಇದಕ್ಕೆ ಒಂದೇ ವಾರದಲ್ಲಿ ಪರ್ಮನೆಂಟ್!"

ಮರಿ ಆಗಲೇ ಕೆಚ್ಚಲಿಗೆ ತಲೆ ಗುದ್ದುತ್ತಿತ್ತು.