ಸೋತವನ ಸಾಕ್ಷಿ

ಸೋತವನ ಕಲ್ಪನಾಶಕ್ತಿಯ ಮುಂದೆ ಮಹಾಕವಿಗಳೂ ತಲೆಬಾಗಬೇಕು. ಕೇರಂನಲ್ಲಿ ಸೋತವನು ಪೌಡರನ್ನು ದೂರುತ್ತಾನೆ, ಕ್ರಿಕೆಟ್ಟಿನಲ್ಲಿ ಸೋತವನು ಅಂಪೈರನ್ನು. ಈ ಕಲೆಯಲ್ಲಿ ನನ್ನ ಸಾಧನೆಯೂ ಅಲ್ಪವಲ್ಲ, ಓದುಗ ಮಹಾಶಯರೇ. ಆದರೆ ಅದನ್ನು ಹೇಳಿಕೊಳ್ಳಹೋದರೆ ನಾಲಗೆ ಕಹಿಯಾಗುತ್ತದೆ.

ಹುಣಸೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ನಲವತ್ತು ದಾಟಿದ ಮೇಲೆ ಕಾರ್ ರೇಸಿನ ಹುಚ್ಚು ಹಿಡಿಯಿತು. ಕಂಪಲಾಪುರದ ಬಳಿ, ಹೊಗೆಸೊಪ್ಪು ಕಿತ್ತು ಖಾಲಿಯಾದ ಹೊಲದಲ್ಲಿ, ವರ್ಷಕ್ಕೊಮ್ಮೆ ಮಣ್ಣಿನ ಟ್ರ್ಯಾಕ್ ಮಾಡಿ ರೇಸ್ ನಡೆಸುತ್ತಿದ್ದರು. ಭೇರ್ಯದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಸಿದ್ದರಾಜು ಅಲ್ಲಿ ಸದಾ ಮೊದಲಿಗ. ಮೂರು ವರ್ಷ ನಾನು ಅವನ ಹಿಂದೆ ಧೂಳು ಕುಡಿದವನು.

ನಾಲ್ಕನೆಯ ವರ್ಷ ಕೊನೆಯ ಸುತ್ತಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ತಿರುವಿಗೆ ಬಂದೆವು. ತರಗತಿಯಲ್ಲಿ ಪದ್ಯದ ಓಟವಾದ ಗತಿ, ನಿಲುಗಡೆಯಾದ ಯತಿ ಎರಡನ್ನೂ ವಿವರಿಸುವ ನನಗೆ ಅಲ್ಲಿ ನೆನಪಿದ್ದುದು ಗತಿಯೊಂದೇ. ನನ್ನ ಕಾರು ತಾನಾಗಿಯೇ ಮಗುಚಿತು. ಗೆಲುವು ಕೈಯಳತೆಯಲ್ಲಿದ್ದರೂ ಸಿದ್ದರಾಜು ಕಾರು ನಿಲ್ಲಿಸಿ ಓಡಿಬಂದ.

"ಮೇಷ್ಟ್ರೇ, ಪೆಟ್ರೋಲ್ ಸೋರ್ತಾ ಅದೆ, ಬಿರ್ರನೆ ಬನ್ನಿ!" ಎಂದು ಕಿಟಕಿಯಿಂದ ನನ್ನನ್ನು ಹೊರಗೆಳೆದ. ಅಷ್ಟರಲ್ಲಿ ಮೂರನೆಯವನು ಗುರಿ ಮುಟ್ಟಿದ್ದ.

ಧೂಳಿನಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. "ಇವನು ಗುದ್ದಿದ್ನಾ ಸಾರ್?" ಎಂದು ತೀರ್ಪುಗಾರರು ಸಿದ್ದರಾಜುವನ್ನು ತೋರಿಸಿ ನನ್ನನ್ನೇ ಕೇಳಿದರು. ಸುತ್ತ ನನ್ನ ವಿದ್ಯಾರ್ಥಿಗಳು ನಿಂತಿದ್ದರು. ತಪ್ಪು ನನ್ನದೇ ಎನ್ನಬೇಕಾದ ಬಾಯಿ, "ಏನೋ ತಗುಲಿದ ಹಾಗಾಯಿತು" ಎಂದಿತು.

ಇನ್ನು ಮುಂದೆ ಅವನು ಆ ರೇಸಿಗೆ ಬರುವಂತಿಲ್ಲ ಎಂದು ತೀರ್ಮಾನವಾಯಿತು. ಸಿದ್ದರಾಜು ನನ್ನ ಮುಖವನ್ನೇ ನೋಡಿ, "ಮೇಷ್ಟ್ರು ಸುಳ್ ಯೋಳಾಕಿಲ್ಲ ಬುಡಿ. ತಗುಲಿರ್ಬೌದು" ಎಂದ. ಅದು ನಂಬಿಕೆಯೋ ವ್ಯಂಗ್ಯವೋ, ಅಲಂಕಾರಶಾಸ್ತ್ರ ಓದಿದ ನನಗೆ ತಿಳಿಯಲಿಲ್ಲ.

ಎರಡು ವರ್ಷ ತಡಮಾಡಿ, ಕ್ಷಮೆ ಕೇಳಲೆಂದು ಭೇರ್ಯಕ್ಕೆ ಹೋದೆ. ರೇಸಿನ ಕಾರನ್ನು ಅವನು ಮಾರಿಬಿಟ್ಟಿದ್ದ. ಕುರ್ಚಿ ಒರೆಸಿ ಕೂರಿಸಿದ, ಕಾಫಿ ಬಂತು. ಲೋಟ ತಂದ ಅವನ ಮಗಳು ನನ್ನನ್ನು ದಿಟ್ಟಿಸಿ, "ಅಪ್ಪಾ, ನೀನು ಕಾರಿಂದ ಎಳೆದು ಉಳಿಸಿದ ಮೇಷ್ಟ್ರು ಇವರೇನಾ?" ಎಂದು ಕೇಳಿದಳು.

"ಅಲ್ಲ ಕಣವ್ವ," ಎಂದ ಸಿದ್ದರಾಜು, ನನ್ನತ್ತ ನೋಡದೆ, "ಅವ್ರು ಬ್ಯಾರೆ."

ನಾನು ಕಾಫಿ ಕುಡಿದೆ. ಕ್ಷಮೆ ಕೇಳುವ ಬದಲು, ಹುಣಸೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.